ಗುಂಪಿಗೆ ಸೇರದ ಪದ

ಕಂತು ೪

"ಕಮಲ, ತಾವರೆ, ನೈದಿಲೆ, ಪಂಕಜ. ಹೇಳಿ ಸಾರ್, ಇದರಲ್ಲಿ ಗುಂಪಿಗೆ ಸೇರದ್ದು ಯಾವುದು?"

ಸಬ್ ಇನ್ಸ್‌ಪೆಕ್ಟರ್ ರೇವಣಸಿದ್ದಪ್ಪ ಎದುರಿಗೆ ಕೂತಿದ್ದ ಹೆಂಗಸನ್ನು ನೋಡಿದರು. ಆಮೇಲೆ ಗೋಡೆ ಗಡಿಯಾರ ನೋಡಿದರು. ನಾಲ್ಕೂ ಹತ್ತು. ಬೆಳಗ್ಗೆ ಆರಕ್ಕೆ ಇಟ್ಟಮಡುವಿನ ಬಾಡಿಗೆ ಮನೆಯಿಂದ ಹೊರಟವರಿಗೆ ಮಧ್ಯಾಹ್ನದ ಊಟ ಅಂತ ಆಗಿದ್ದು ಎರಡು ಬಿಸ್ಕತ್ತು. ಎಡ ಮಂಡಿ ಬೇರೆ ಬೆಳಗಿನಿಂದ ಜೀವ ತಿನ್ನುತ್ತಿತ್ತು. ನಿವೃತ್ತಿಗೆ ಹತ್ತೇ ತಿಂಗಳು ಉಳಿದಿರುವಾಗ ಠಾಣೆಯಲ್ಲಿ ಕೂತು ನಾಲ್ಕನೇ ಕ್ಲಾಸಿನ ಕನ್ನಡ ಪರೀಕ್ಷೆ ಬರೆಯುವುದು ತಮ್ಮ ಹಣೆಯಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಪಂಕಜ," ಎಂದರು. "ಅದು ಹೆಣ್ಣುಮಕ್ಕಳ ಹೆಸರಲ್ರಿ."

"ಕಮಲಾನೂ ಹೆಣ್ಣುಮಕ್ಕಳ ಹೆಸರೇ. ತಪ್ಪು ಸಾರ್. ಸೇರದ್ದು ನೈದಿಲೆ. ಮಿಕ್ಕ ಮೂರೂ ಒಂದೇ ಹೂವು, ನೈದಿಲೆ ಬೇರೆ. ನೋಡಿ, ಈಗ ನೀವು ಜನ್ಮದಲ್ಲಿ ಮರೆಯಲ್ಲ. ನನ್ನ ಕ್ಲಾಸಲ್ಲಿ ಪದಗಳ ಪಟ್ಟಿ ಉರು ಹೊಡೆಸೋ ಪದ್ಧತಿ ಇಲ್ಲ. ಸೇರದ್ದನ್ನ ಹುಡುಕ್ತಾ ಹುಡುಕ್ತಾ ಸೇರಿದ್ದೆಲ್ಲ ತಾನಾಗೇ ತಲೇಲಿ ಕೂರುತ್ತೆ."

ಇವರು ಸರ್ವಮಂಗಳಾ ಟೀಚರ್. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಹೇಳಿ ನಿವೃತ್ತರಾದವರು. ಊರು ದಾವಣಗೆರೆ ಕಡೆ. ಈಗ ಚಿಕ್ಕಲಸಂದ್ರದ ತಮ್ಮ ಮನೆಯ ಹಾಲಿನಲ್ಲಿ ಸಂಜೆ ಹೊತ್ತು ಹದಿನಾಲ್ಕು ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತಾರೆ. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳು. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಬರೆಯೆಂದರೆ ಓಡಿಹೋಗುತ್ತಾರೆ. ಹಾಜರಿ ಪುಸ್ತಕ ತಂದು ತೋರಿಸಿ ಅಂತ ಠಾಣೆಯಿಂದ ಫೋನ್ ಹೋಗಿತ್ತು. ಬಂದವರು ಹಾಜರಿಯ ಜೊತೆ ಪಾಠವನ್ನೂ ತಂದಿದ್ದರು.

"ಮೇಡಂ, ಸೋಮವಾರ ಬಿಂದುಶ್ರೀ ಟ್ಯೂಷನ್ನಿಗೆ ಬಂದಿದ್ದಳೋ ಇಲ್ಲೋ, ಅಷ್ಟು ಹೇಳ್ರಿ ಸಾಕು."

"ಬಂದಿಲ್ಲ. ಇಲ್ಲಿ ನೋಡಿ, ಗೈರು."

"ಆಯ್ತಲ್ಲ. ಇದನ್ನ ಕೊಟ್ಟು ಹೊರಡ್ರಿ."

ಟೀಚರ್ ಏಳಲಿಲ್ಲ.

ರೇವಣಸಿದ್ದಪ್ಪನವರಿಗೆ ಈ ಕೇಸು ಮುಗಿದಿತ್ತು. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಚಿಕ್ಕಲಸಂದ್ರದ ಮೂರಂತಸ್ತಿನ ಮನೆಯ ತಾರಸಿ ಮೆಟ್ಟಿಲ ಮೇಲಿಂದ ಎಪ್ಪತ್ತೆಂಟರ ಸೊಣ್ಣಮ್ಮ ಉರುಳಿ ಬಿದ್ದು ಪ್ರಜ್ಞೆ ತಪ್ಪಿದ್ದರು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಂಡವಳು ಮೊಮ್ಮಗಳು ಬಿಂದುಶ್ರೀ ಒಬ್ಬಳೇ. 'ಅಣ್ಣ ಬಂದನು, ಅಜ್ಜಿಯ ಜೊತೆ ಮೇಲೆ ಹೋದನು, ಜೋರಾಗಿ ಮಾತನಾಡಿದನು, ನಂತರ ಅಜ್ಜಿ ಬಿದ್ದರು' ಎಂದು ಆ ಒಂಬತ್ತು ವರ್ಷದ ಮಗು ಮಂಗಳವಾರ ಹೇಳಿಕೆ ಕೊಟ್ಟಿತ್ತು. ಅವಳ ಅಣ್ಣ, ಇಪ್ಪತ್ತು ವರ್ಷದ ಕೆಂಪರಾಜುವನ್ನು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಎತ್ತಿಕೊಂಡು ಬಂದಿದ್ದರು. ನಾಳೆ ಹನ್ನೊಂದಕ್ಕೆ ಕೋರ್ಟು.

ಹುಡುಗ ಹತ್ತೇ ನಿಮಿಷದಲ್ಲಿ ಒಪ್ಪಿಕೊಂಡಿದ್ದ. ಅದೊಂದೇ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಯಾವ ಮೆಟ್ಟಿಲಿಂದ ತಳ್ಳಿದೆ ಎಂದರೆ ಮೇಲಿನದು ಎಂದ. ಅಜ್ಜಿ ಕೈಯಲ್ಲಿ ಏನಿತ್ತು ಎಂದರೆ ಏನೂ ಇಲ್ಲ ಎಂದ. ಸೊಣ್ಣಮ್ಮನ ಜೊತೆಗೇ ಒಂದು ಮೊರದ ತುಂಬ ಹಪ್ಪಳದ ಹಿಟ್ಟು ಉರುಳಿ ಮೆಟ್ಟಿಲ ತುಂಬ ಚೆಲ್ಲಿತ್ತು. ಅದನ್ನು ಕಾಣದೆ ತಳ್ಳಿದವನು ಎಂಥ ತಳ್ಳಿದವನು? ಆದರೆ ಒಪ್ಪಿಕೊಂಡವನನ್ನು ಕೂರಿಸಿಕೊಂಡು ನೀನು ಮಾಡಿಲ್ಲ ಎಂದು ವಾದ ಮಾಡಲು ಅವರಿಗೆ ತ್ರಾಣವಿರಲಿಲ್ಲ.

"ಸಾರ್, ಒಂದು ಉಪಕಾರ ಮಾಡ್ತೀರಾ?" ಟೀಚರ್ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಹೋದ ಶನಿವಾರ ಆ ಮಗೂಗೆ ಒಂದು ಪ್ರಶ್ನೆಗೆ ಸೊನ್ನೆ ಕೊಟ್ಟೆ. ಎಲ್ಲರ ಮುಂದೆ ಎದ್ದು ನಿಲ್ಲಿಸಿ ಬೈದೆ. ಸೋಮವಾರ ಅವಳಿಗೆ ಹಿಂಗಾಯ್ತು. ಅಜ್ಜಿ ಬಿದ್ದಿದ್ದನ್ನ ಕಣ್ಣಾರೆ ಕಂಡ ಮಗು, ಅದಕ್ಕೆ ಮುಂಚೆ ನನ್ನ ಬಾಯಲ್ಲಿ ಕೇಳಿದ್ದು ಬೈಗುಳ. ಮೂರು ದಿನದಿಂದ ತುತ್ತು ಇಳೀತಿಲ್ಲ ನನಗೆ. ಅದಕ್ಕೇ ಸೊನ್ನೆ ಹೊಡೆದು ಹಾಕಿ ಪೂರ್ತಿ ಮಾರ್ಕ್ಸ್ ಕೊಟ್ಟಿದೀನಿ. ಈ ಪುಸ್ತಕ ಅವಳ ಕೈಗೆ ತಲುಪಿಸಿ."

ಬ್ರೌನ್ ಪೇಪರ್ ಹೊದಿಸಿದ ಇನ್ನೂರು ಪುಟದ ಪುಸ್ತಕ. ಹೆಂಗಸನ್ನು ಸಾಗಹಾಕಿದರೆ ಸಾಕು ಎಂದು ರೇವಣಸಿದ್ದಪ್ಪ ಅದನ್ನು ತೆಗೆದುಕೊಂಡರು. ಟೀಚರ್ ಗುರುತಿಟ್ಟಿದ್ದ ಪುಟ ತಾನಾಗಿ ತೆರೆದುಕೊಂಡಿತು. ತಲೆಬರಹ: ಗುಂಪಿಗೆ ಸೇರದ ಪದಕ್ಕೆ ಸುತ್ತು ಹಾಕಿ, ಕಾರಣ ಬರೆಯಿರಿ.

ರಾಗಿ, ಜೋಳ, ನವಣೆ, ತೊಗರಿ. ಮಗು ತೊಗರಿಗೆ ಸುತ್ತು ಹಾಕಿತ್ತು. ಕಾರಣ: ಇದು ಬೇಳೆ. ಭೇಷ್ ಎಂದುಕೊಂಡರು ಜೋಳದ ಸೀಮೆಯ ರೇವಣಸಿದ್ದಪ್ಪ. ಕೊಡ, ಬಿಂದಿಗೆ, ಗಡಿಗೆ, ಒನಕೆ. ಒನಕೆಗೆ ಸುತ್ತು. ಕಾರಣ: ಇದರಲ್ಲಿ ನೀರು ನಿಲ್ಲಲ್ಲ.

ಐದನೆಯದು: ತಂದೆ, ಅಪ್ಪ, ಪಿತ, ಅಣ್ಣ.

ಮಗು 'ಪಿತ'ಕ್ಕೆ ಸುತ್ತು ಹಾಕಿತ್ತು. ಪಕ್ಕದಲ್ಲಿ ದುಂಡು ದುಂಡು ಅಕ್ಷರಗಳಲ್ಲಿ ಕಾರಣ: ಮಿಕ್ಕಿದ್ದು ಮೂರೂ ಒಂದೇ. ಪಿತ ಅಂದ್ರೆ ಗೊತ್ತಿಲ್ಲ.

"ಇದಕ್ಕೇ ಸೊನ್ನೆ ಕೊಟ್ಟಿದ್ದೇನ್ರಿ?"

"ಮತ್ತೇನು ಮಾಡ್ಲಿ ಸಾರ್? ಪಿತ ಗೊತ್ತಿಲ್ಲ ಅಂದ್ರೆ ಬಿಡಿ, ಚಿಕ್ಕ ಮಗು. ಅಣ್ಣ ಗೊತ್ತಿಲ್ವಾ? 'ಅಪ್ಪಾನೂ ಅಣ್ಣಾನೂ ಒಂದೇನಾ ನಿಂಗೆ?' ಅಂತ ಕೇಳಿದೆ. 'ಹೂಂ ಮಿಸ್, ಒಂದೇ' ಅಂದ್ಳು, ಮುಖಕ್ಕೆ ಮುಖ ಕೊಟ್ಟು! ಮಕ್ಕಳೆಲ್ಲ ಗೊಳ್ಳಂತ ನಕ್ವು. ತಲೆಹರಟೆ ಮಾಡ್ತಿದಾಳೆ ಅಂದ್ಕೊಂಡು ಬೈದುಬಿಟ್ಟೆ."

ರೇವಣಸಿದ್ದಪ್ಪನವರ ಕೈ ಪುಟದ ಮೇಲೇ ನಿಂತಿತು.

ಮೂರೂ ಒಂದೇ. ತಂದೆ, ಅಪ್ಪ, ಅಣ್ಣ. ತಲೆಹರಟೆ ಮಾಡುವ ಮಗು ತೊಗರಿಯನ್ನು ಬೇಳೆ ಅಂತ ಬೇರೆ ಮಾಡುತ್ತದೆಯೇ?

"ಬೈರಣ್ಣಾ!" ಎಂದು ಕೂಗಿದರು.

ಹೆಡ್ ಕಾನ್ಸ್‌ಟೇಬಲ್ ಬೈರಣ್ಣ ಪಕ್ಕದ ಕೋಣೆಯಿಂದ ಬಂದರು. ಇಟ್ಟಮಡುವಿನ ಮೂಲ ನಿವಾಸಿ. ಈಗ ನಾಲ್ಕು ಮಳಿಗೆ, ಒಂದು ಜಿಮ್ಮು ಇರುವ ಜಾಗದಲ್ಲಿ ಅವರ ತಾತ ಕನಕಾಂಬರ ಬೆಳೆಯುತ್ತಿದ್ದರಂತೆ. ಮಗಳ ಸೀಮಂತವೆಂದು ಎರಡು ದಿನ ರಜೆ ಹಾಕಿ ಇವತ್ತೇ ಡ್ಯೂಟಿಗೆ ಬಂದಿದ್ದರು.

"ನಿಮ್ಮ ತಂದೇನ್ನ ನೀವು ಏನಂತ ಕರೀತಿದ್ರಿ?"

"ಅವರು ತೀರ್ಕೊಂಡು ಹನ್ನೆರಡು ವರ್ಷ ಆಯ್ತಲ್ಲ ಸಾರ್. ಈಗ್ಯಾಕೆ?"

"ಕೇಳಿದ್ದು ಹೇಳ್ರಿ."

"ಅಣ್ಣ ಅಂತ."

"ಹೆತ್ತ ತಂದೇನ್ನ?"

"ಹೂಂ ಸಾರ್. ಇನ್ನೇನಂತಾರೆ?" ಬೈರಣ್ಣನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಒಟ್ಟು ಸಂಸಾರ ಅಲ್ವಾ? ಚಿಕ್ಕಪ್ಪಂದಿರು, ಸೋದರತ್ತೇರು ಎಲ್ಲಾ 'ಅಣ್ಣ, ಅಣ್ಣ' ಅನ್ನೋರು. ಅದನ್ನೇ ಕೇಳ್ಕೊಂಡು ನಾವೂ ಅಂಗೇ ಅಂದ್ವಿ. ನನ್ನ ಮಗಳು ಡ್ಯಾಡಿ ಅಂತಾಳೆ, ಅದ್ ಬಿಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಈಗ್ಲೂ ಅಪ್ಪನ್ನ ಅಣ್ಣ ಅನ್ನೋರು ಬೇಕಾದಷ್ಟು ಜನ ಅವ್ರೆ."

ಸರ್ವಮಂಗಳಾ ಟೀಚರ್ ಬಾಯಿಗೆ ಸೆರಗು ಹಿಡಿದರು. "ಅಯ್ಯೋ, ಆ ಮಗು ಸರಿಯಾಗೇ ಬರೆದಿತ್ತು!"

ರೇವಣಸಿದ್ದಪ್ಪನವರಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಈ ಊರಿನ ಅನ್ನ ತಿಂದಿದ್ದರು. ಬನಶಂಕರಿಯ ಗಲ್ಲಿ ಗಲ್ಲಿಯ ಕಳ್ಳರ ಹೆಸರು ಬಾಯಿಪಾಠವಿತ್ತು. ಇಲ್ಲಿನ ಮಕ್ಕಳು ಅಪ್ಪನನ್ನು ಏನೆಂದು ಕರೆಯುತ್ತಾರೆ ಎಂಬುದು ಮಾತ್ರ ಇವತ್ತಿನವರೆಗೆ ಗೊತ್ತಾಗಿರಲಿಲ್ಲ. ಅವರ ವಿಜಯಪುರ ಕಡೆ ಅಣ್ಣ ಎಂದರೆ ಅಣ್ಣ, ಬೇರೆ ಅರ್ಥವೇ ಇಲ್ಲ.

"ದಿವ್ಯಾ, ಮಗು ಹೇಳಿಕೆ ವಿಡಿಯೋ ತಗೊಂಡು ಬಾಮ್ಮಾ."

ಕಾನ್ಸ್‌ಟೇಬಲ್ ದಿವ್ಯ ಉಡುಪಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಅಕ್ಷರ ಮುತ್ತಿನ ಹಾಗೆ ಎಂದು ಹೇಳಿಕೆ ಬರೆಯುವ ಕೆಲಸವೆಲ್ಲ ಅವಳ ತಲೆಗೇ ಬರುತ್ತಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು.

ಬಿಂದುಶ್ರೀಯ ಸಣ್ಣ ದನಿ ಬಂತು. "ನಾನು ಸ್ಕೂಲಿಂದ ಬಂದು ಬ್ಯಾಗ್ ಇಟ್ಟೆ. ಅಣ್ಣ ಬಂತು. ಅಜ್ಜಿ ಜೊತೆ ಮೇಲಕ್ಕೋಯ್ತು. ಜೋರಾಗಿ ಮಾತಾಡ್ತು. ಆಮೇಲೆ ಅಜ್ಜಿ ಬಿದ್ದೋಯ್ತು."

"ನಿಲ್ಲಿಸು," ಎಂದರು ರೇವಣಸಿದ್ದಪ್ಪ. ಫೈಲು ಬಿಡಿಸಿ ಹೇಳಿಕೆಯ ಮೇಲೆ ಬೆರಳಿಟ್ಟರು. "ಇಲ್ಲಿ 'ಬಂದನು' ಅಂತ ಐತಲ್ಲ. ಮಗು 'ಬಂತು' ಅಂತಾಳ."

"ಹೌದು ಸಾರ್. ಹಾಗೇ ಬರೆದ್ರೆ ಕೋರ್ಟಲ್ಲಿ ನಗ್ತಾರೆ. ಅಣ್ಣ ಪುಲ್ಲಿಂಗ ಅಲ್ವಾ? ಅದಕ್ಕೆ 'ಬಂದನು' ಅಂತ ತಿದ್ದಿದೆ."

"ವ್ಯಾಕರಣ ಸರಿಯಾಗೇ ಇದೆಯಲ್ಲ," ಎಂದರು ಸರ್ವಮಂಗಳಾ ಟೀಚರ್, ಅಭ್ಯಾಸಬಲ. ರೇವಣಸಿದ್ದಪ್ಪ ಕಣ್ಣು ಬಿಟ್ಟರು.

ಬೈರಣ್ಣ ತಲೆ ಕೆರೆದುಕೊಂಡರು. "ಸಾರ್, ನಾವು ಮನೇಲಿ ದೊಡ್ಡೋರಿಗೆ 'ಬಂತು' ಅಂತೀವಿ. ಅವ್ವ ಬಂತು, ಅಣ್ಣ ಬಂತು. ಪ್ರೀತಿ ಸಾರ್ ಅದು. ಓರಗೆಯೋರ್ಗೆ, ಚಿಕ್ಕೋರ್ಗೆ ಬಂದ, ಹೋದ ಅನ್ನೋದು."

"ಮುಂದೆ ಹಾಕು ದಿವ್ಯಾ."

ವಿಡಿಯೋದಲ್ಲಿ ದಿವ್ಯಳ ದನಿ: "ಮನೇಲಿ ಇನ್ಯಾರಿದ್ರು ಪುಟ್ಟಾ?"

"ಯಾರೂ ಇರ್ಲಿಲ್ಲ. ಕೆಂಪು ಬೆಳಗ್ಗೇನೇ ಹೋದ."

ರೇವಣಸಿದ್ದಪ್ಪ ಆ ಎರಡು ವಾಕ್ಯವನ್ನು ಮತ್ತೆ ಹಾಕಿಸಿದರು. ಅಣ್ಣ ಬಂತು. ಕೆಂಪು ಹೋದ. ಮಗು ಇಬ್ಬರು ಬೇರೆ ಬೇರೆ ಮನುಷ್ಯರ ಬಗ್ಗೆ ಹೇಳಿತ್ತು. ಎರಡನೆಯ ವಾಕ್ಯ ಹೇಳಿಕೆಯಲ್ಲಿ ಇರಲೇ ಇಲ್ಲ.

"ಕೆಂಪು ಯಾರು ಅಂತ ಕೇಳಲಿಲ್ಲೇನಮ್ಮಾ ನೀನು?"

ದಿವ್ಯಳ ಮುಖ ಸಪ್ಪಗಾಯಿತು. "ಬಾಡಿಗೆ ಮನೆ ಹುಡುಗ ಯಾರೋ ಇರಬೇಕು ಅಂದ್ಕೊಂಡೆ ಸಾರ್. ಕೇಸಿಗೆ ಬೇಡದ್ದು ಅಂತ ಬಿಟ್ಟೆ."

ಬೈಯಬೇಕು ಅನಿಸಿತು. ಆದರೆ ಹೇಳಿಕೆಯ ಕೆಳಗೆ ಸಹಿ ಹಾಕಿದವರು ಯಾರು? ಓದಿ, ಕನ್ನಡಕ ತೆಗೆದು, ಸಾಕಪ್ಪಾ ಎಂದು ಸಹಿ ಜಡಿದವರು ತಾವೇ. ಕೆಂಪು ಎಂದರೆ ಕೆಂಪರಾಜು ಎಂದು ಹೊಳೆಯಲು ವಿಡಿಯೋ ನೋಡಿದ್ದರೆ ಸಾಕಿತ್ತು. ನೋಡಿರಲಿಲ್ಲ. ಸುಸ್ತಾಗಿತ್ತು ಅನ್ನುವುದು ಕೋರ್ಟಿನಲ್ಲಿ ಹೇಳುವ ಕಾರಣವಲ್ಲ.

"ಮನೆಯಲ್ಲಿ ಆ ಮಗು ಅಪ್ಪನ್ನ ಏನಂತಾಳ, ಅಣ್ಣನ್ನ ಏನಂತಾಳ, ಗಟ್ಟಿಯಾಗಿ ವಿಚಾರಿಸಿ ಹೇಳು. ಈಗಲೇ," ಎಂದು ದಿವ್ಯಳಿಗೆ ಹೇಳಿ, ಮಂಡಿ ಹಿಡಿದುಕೊಂಡು ಎದ್ದರು. ಯಾರನ್ನು ವಿಚಾರಿಸಬೇಕು ಎಂದು ಹೇಳಲಿಲ್ಲ. ಆ ತಪ್ಪೂ ಅವರದ್ದೇ.

ಲಾಕಪ್ಪು ಹಾಲಿನ ಕೊನೆಯಲ್ಲಿತ್ತು. ಕೆಂಪರಾಜು ಗೋಡೆಗೆ ಒರಗಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಬಿ.ಕಾಂ. ಅರ್ಧಕ್ಕೆ ಬಿಟ್ಟವನು, ಗಡ್ಡ ಸರಿಯಾಗಿ ಬಂದಿರದವನು. ಕೊಟ್ಟ ಚಿತ್ರಾನ್ನ ಹಾಗೇ ಒಣಗುತ್ತಿತ್ತು. ರೇವಣಸಿದ್ದಪ್ಪ ಒಂದು ಸ್ಟೂಲು ಎಳೆದುಕೊಂಡು ಕಂಬಿಯಾಚೆ ಕೂತರು.

"ಊಟ ಯಾಕೆ ಮಾಡಿಲ್ಲೋ?"

"ಹಸಿವಿಲ್ಲ ಸಾರ್."

"ನಿನ್ನ ತಂಗಿ ನಿನ್ನ ಏನಂತ ಕರೀತಾಳ?"

ಹುಡುಗ ತಲೆ ಎತ್ತಿದ. ಉತ್ತರ ಬರುವುದಕ್ಕೆ ಒಂದು ಗಳಿಗೆ ಹೆಚ್ಚೇ ಹಿಡಿಯಿತು. "ಅಣ್ಣ ಅಂತ."

"ಸುಳ್ಳು. ಕೆಂಪು ಅಂತಾಳ. ವಿಡಿಯೋದಾಗ ಅವಳ ಬಾಯಲ್ಲೇ ಕೇಳಿ ಬಂದೆ."

"ಅದೂ ಅಂತಾಳೆ. ಚಿಕ್ಕ ಹುಡುಗಿ ಸಾರ್, ಬಾಯಿಗೆ ಬಂದಿದ್ದು ಅಂತಾಳೆ."

"ಅಣ್ಣ ಅನ್ನೋದು ಯಾರನ್ನ?"

ಹುಡುಗ ಚಿತ್ರಾನ್ನವನ್ನು ಪಕ್ಕಕ್ಕೆ ಸರಿಸಿದ.

"ಮಧ್ಯಾಹ್ನ ನಿನ್ನ ಮುಂದೆ ಆ ಹೇಳಿಕೆ ಓದಿದ್ರು. 'ಅಣ್ಣ ಬಂದನು' ಅಂತ ಕೇಳಿದ ಕೂಡಲೇ ನಿಂಗ ಗೊತ್ತಾತು, ಅದು ನೀನಲ್ಲ ಅಂತ. ನಮಗ ಗೊತ್ತಾಗಿಲ್ಲ ಅನ್ನೋದೂ ಗೊತ್ತಾತು. ಮರು ಮಾತಿಲ್ಲದೆ ಒಪ್ಪಿಕೊಂಡಿ. ಹೌದೋ ಅಲ್ಲೋ?"

"ಒಪ್ಕೊಂಡಿದೀನಲ್ಲ ಸಾರ್, ಬಿಟ್ಬಿಡಿ. ನಿಮ್ಗೂ ಕೆಲ್ಸ ಮುಗೀತು. ಮನೆಗೆ ಹೋಗಿ ಮಲ್ಕೊಳ್ಳಿ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ, ನಿಮ್ಗೆ ಆಗ್ತಿಲ್ಲ."

ಈ ಮಾತು ರೇವಣಸಿದ್ದಪ್ಪನವರಿಗೆ ನೇರ ಎದೆಗೇ ತಾಗಿತು. ನಿಜವಾಗಿಯೂ ಆಗುತ್ತಿರಲಿಲ್ಲ. ಎದ್ದು ಹೋಗಿಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಹತ್ತು ತಿಂಗಳು ಕಳೆದರೆ ಹಾರ, ಶಾಲು, ಒಂದು ಗ್ರೂಪ್ ಫೋಟೋ. ಆದರೆ ಈ ಹುಡುಗನಿಗೆ ಹತ್ತು ವರ್ಷವೋ, ಅದಕ್ಕೂ ಹೆಚ್ಚೋ.

"ಸೋಮವಾರ ಜೆ.ಪಿ. ನಗರದ ಮದುವೆ ಛತ್ರದಾಗ ನಿಮ್ಮಪ್ಪ ಶಿವರಾಮ್ ಊಟ ಮಾಡಿದ್ದನ್ನ ಐವತ್ತು ಜನ ನೋಡ್ಯಾರ," ಎಂದರು ನಿಧಾನವಾಗಿ. "ಎರಡೂವರೆ ಮೇಲೆ ಒಬ್ಬರೂ ನೋಡಿಲ್ಲ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸೋ ಕಾಗದಕ್ಕೆ ನಿಮ್ಮಜ್ಜಿ ಹೆಬ್ಬೆಟ್ಟು ಒತ್ತಲ್ಲ ಅಂತ ಹಟ ಹಿಡಿದಿದ್ರು. ಒಂದು ವರ್ಷದಿಂದ ಅದೇ ರಗಳೆ. ಬಾಡಿಗೆದಾರರೆಲ್ಲ ಹೇಳ್ಯಾರ. ಮೂರು ಗಂಟೆಗೆ ಮನೆಗೆ ಬಂದವನು ಶಿವರಾಮ್ ತಾನೇ?"

"ಅಣ್ಣನ ಹೆಸರು ಎತ್ಬೇಡಿ ಸಾರ್!"

ಅಂದವನೇ ಕೆಂಪರಾಜು ತುಟಿ ಕಚ್ಚಿಕೊಂಡ. ಆಡಿದ ಮಾತು ಆಡಿ ಆಗಿತ್ತು.

ಹುಡುಗನ ಭುಜ ಅಲುಗತೊಡಗಿತು. ಮೊದಲು ಸದ್ದಿಲ್ಲದೆ, ಆಮೇಲೆ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ.

"ಅಮ್ಮ ಹೋಗಿ ಮೂರು ವರ್ಷ ಆಯ್ತು ಸಾರ್. ಬಿಂದುಗೆ ಜಡೆ ಹಾಕೋದೂ ಅಣ್ಣಾನೇ. ಅವಳು ರಾತ್ರಿ ಬೆಚ್ಚಿಬಿದ್ರೆ ಎದ್ದು ಕೂರೋದೂ ಅಣ್ಣಾನೇ. ನಾನು ಇದ್ರೆಷ್ಟು, ಹೋದ್ರೆಷ್ಟು? ಊರೆಲ್ಲ ಪೋಲಿ ಅಂತ ಬರ್ದಾಗಿದೆ. ಅಣ್ಣ ಒಳಗೋದ್ರೆ ಅವಳಿಗೆ ಯಾರಿದ್ದಾರೆ ಹೇಳಿ? ನಿಮ್ ಕಾಲ್ ಹಿಡ್ಕೊಳ್ತೀನಿ ಸಾರ್, ನಂದೇ ಅಂತ ಬರ್ಕೊಳ್ಳಿ."

ಕಂಬಿಯೊಳಗಿಂದ ಕೈ ಚಾಚಿ ಅವರ ಬೂಟನ್ನು ಹಿಡಿದ. ರೇವಣಸಿದ್ದಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಮಾಡಿದ್ದನ್ನು ಮಾಡಿಲ್ಲ ಎನ್ನುವವರನ್ನು ಕಂಡು ಕಂಡು ಅವರ ಮನಸ್ಸು ಒರಟಾಗಿತ್ತು. ಮಾಡದ್ದನ್ನು ಮಾಡಿದ್ದೇನೆ ಎಂದು ಕಾಲು ಹಿಡಿಯುವವನ ಮುಂದೆ ಏನು ಹೇಳಬೇಕು ಎಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

"ಏಳಪ್ಪಾ," ಎಂದರು. "ನಿನ್ನ ನಾಳೆ ಕೋರ್ಟಿಗೆ ಕರ್ಕೊಂಡು ಹೋಗೋದಂತೂ ತಪ್ಪಲ್ಲ. ಆದರ ಮಾಡಿದವ ನೀನಲ್ಲ ಅಂತ ನಾನೇ ಬರೆದುಕೊಡ್ತೀನಿ. ತಿಳೀತೇನು?"

"ಬೇಡ ಸಾರ್," ಎಂದು ಹುಡುಗ ಅಳುತ್ತಲೇ ಇದ್ದ.

ಹಿಂದೆ ಬೂಟಿನ ಸದ್ದಾಯಿತು. ದಿವ್ಯ. ಕೆಲಸ ಮುಗಿಸಿದ ಸಮಾಧಾನ ಅವಳ ಮುಖದಲ್ಲಿತ್ತು.

"ಸಾರ್, ವಿಚಾರಿಸಿದೆ. ಬಿಂದುಶ್ರೀ ಅಪ್ಪನ್ನ 'ಅಪ್ಪ' ಅಂತಾನೇ ಕರೆಯೋದಂತೆ. ಕೆಂಪರಾಜುನ 'ಅಣ್ಣ' ಅಂತಾಳಂತೆ."

"ಯಾರು ಹೇಳಿದ್ದು?"

"ಅವರಪ್ಪ, ಶಿವರಾಮ್. ಫೈಲಲ್ಲಿ ಅವರ ನಂಬರ್ ಒಂದೇ ಇದ್ದಿದ್ದು."

"ಅಯ್ಯೋ ಶಿವನೇ!" ರೇವಣಸಿದ್ದಪ್ಪ ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಅವನಿಗೇ ಫೋನ್ ಮಾಡಿದ್ಯಾ? ಯಾಕಂತ ಕೇಳಲಿಲ್ಲೇನು ಅವ?"

"ಕೇಳಿದ್ರು. ಹೇಳಿಕೇಲಿ ಸ್ವಲ್ಪ ಗೊಂದಲ ಇದೆ ಅಂದೆ. ಯಾಕೆ ಸಾರ್, ತಪ್ಪಾಯ್ತಾ?"

ಉತ್ತರ ಹೇಳುವ ಅಗತ್ಯ ಬೀಳಲಿಲ್ಲ. ಠಾಣೆಯ ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದು ಕೇಳಿಸಿತು. ಚಿಕ್ಕಲಸಂದ್ರವೇನು ದೂರವೇ? ಶಿವರಾಮ್ ಒಳಗೆ ಬಂದ. ನಲವತ್ತಾರರ ದೃಢಕಾಯ, ಇಸ್ತ್ರಿ ಮಾಡಿದ ಬಿಳಿ ಶರ್ಟು. ಎರಡು ದಿನದಿಂದ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಕಣ್ಣು. ಅವನ ಬೆರಳು ಹಿಡಿದುಕೊಂಡು, ಯೂನಿಫಾರಂನಲ್ಲೇ, ಬಿಂದುಶ್ರೀ.

"ಮಕ್ಕಳನ್ನ ಠಾಣೆಗೆ ಕರ್ಕೊಂಡು ಬರಬಾರದ್ರೀ," ಎಂದು ರೇವಣಸಿದ್ದಪ್ಪ ಅಡ್ಡ ನಿಂತರು. ಲಾಕಪ್ಪು ಕಾಣದ ಹಾಗೆ ನಿಲ್ಲಲು ನೋಡಿದರು, ಅಷ್ಟು ಅಗಲದ ಮೈ ಅವರದಲ್ಲ. ಮಗು ಬಗ್ಗಿ ನೋಡಿ ಆಗಿತ್ತು. "ಕೆಂಪು," ಎಂದಿತು ಮೆಲ್ಲಗೆ.

ಒಳಗಿನವನು ಕಣ್ಣೊರೆಸಿಕೊಂಡ, ನಕ್ಕ ಹಾಗೆ ಮಾಡಿದ, ಮತ್ತೆ ಅತ್ತ.

"ಏನ್ ಮಾಡ್ಲಿ ಸಾರ್," ಎಂದ ಶಿವರಾಮ್. "ಮೇಡಂ ಫೋನ್ ಮಾಡಿದ್ಮೇಲಿಂದ ಒಂದೇ ಸಮ ಅಳು. ನಾನು ಪೊಲೀಸ್ನೋರಿಗೆ ತಪ್ಪು ಹೇಳ್ಬಿಟ್ಟೆ, ಈಗ್ಲೇ ಹೇಳ್ಬೇಕು ಅಂತ ಒಂದೇ ಹಟ. ಅದಕ್ಕೇ ಕರ್ಕೊಂಡ್ ಬಂದೆ. ಹೇಳು ಪುಟ್ಟಿ, ಸಾರ್‌ಗೆ ಹೇಳು."

ಬಿಂದುಶ್ರೀ ಕೈಕಟ್ಟಿ ನಿಂತಳು. ಕ್ಲಾಸಿನಲ್ಲಿ ಪದ್ಯ ಒಪ್ಪಿಸುವ ಮಕ್ಕಳು ನಿಲ್ಲುವ ಹಾಗೆ.

"ಸೋಮವಾರ ಅಪ್ಪ ಮನೆಯಲ್ಲಿ ಇರಲಿಲ್ಲ. ಅಪ್ಪ ಛತ್ರದಲ್ಲಿ ಇದ್ದರು. ಅಪ್ಪ ಸಂಜೆ ಬಂದರು." ಒಂದೇ ಉಸಿರಿಗೆ ಹೇಳಿ, "ಸಾರಿ ಅಂಕಲ್," ಎಂದು ಸೇರಿಸಿದಳು.

ಮೇಜಿನ ಹತ್ತಿರ ನಿಂತಿದ್ದ ಸರ್ವಮಂಗಳಾ ಟೀಚರ್ ಮತ್ತು ರೇವಣಸಿದ್ದಪ್ಪ ಒಬ್ಬರ ಮುಖ ಒಬ್ಬರು ನೋಡಿದರು. ಇದ್ದರು. ಬಂದರು. ವಿಡಿಯೋದಲ್ಲಿ ಒಂದೇ ಒಂದು ಸಲ 'ಅಪ್ಪ' ಅನ್ನದ ಮಗು ಮೂರು ವಾಕ್ಯದಲ್ಲಿ ಮೂರು ಸಲ ಅಂದಿತ್ತು. ಅದು ಆ ಬಾಯಿಯ ಮಾತೇ ಅಲ್ಲ, ಯಾರೋ ತುಂಬಿ ಕಳಿಸಿದ್ದು.

ರೇವಣಸಿದ್ದಪ್ಪನವರಿಗೆ ಎಂದೂ ಬಾರದ ಸಿಟ್ಟು ಬಂತು. ಹೆತ್ತ ತಾಯಿಯನ್ನು ಉರುಳಿಸಿದ್ದಲ್ಲದೆ, ಮಗನನ್ನು ಕಂಬಿಯೊಳಗೆ ಬಿಟ್ಟಿದ್ದಲ್ಲದೆ, ಈಗ ಹಸುಗೂಸಿನ ಬಾಯಲ್ಲಿ ಸುಳ್ಳು ಬೇರೆ.

"ಚೆನ್ನಾಗಿ ಬಾಯಿಪಾಠ ಮಾಡಿಸೀರಿ ಶಿವರಾಮ್. ಮನೇಲಿ ಕೂರಿಸಿಕೊಂಡು ಹೇಳಿಕೊಟ್ರೋ, ಸ್ಕೂಟರ್ ಮೇಲೆ ಬರ್ತಾ ಹೇಳಿಕೊಟ್ರೋ?"

"ಏನ್ ಮಾತಾಡ್ತಿದೀರಾ ಸಾರ್?" ಶಿವರಾಮ್ ದನಿ ಏರಿತು. "ನಮ್ಮಮ್ಮ ಐಸಿಯುನಲ್ಲಿ ಬಿದ್ದೈತೆ, ಮಗ ಇಲ್ಲಿ ಅವ್ನೆ. ಮಗೂಗೆ ಪಾಠ ಮಾಡ್ಕೊಂಡ್ ಕೂತ್ಕೊಳ್ಳೋಕೆ ನಂಗೇನ್ ಬೇರೆ ಕೆಲ್ಸ ಇಲ್ವಾ?"

"ಇವಳು ನಿಮ್ಮನ್ನ ಅಣ್ಣ ಅಂತಾಳ. ನಮ್ಮ ಹತ್ರ ಅವಳ ಕೈಬರಹವೇ ಐತಿ."

ಶಿವರಾಮ್ ಮಗಳ ಕಡೆ ನೋಡಿದ. ಕುತ್ತಿಗೆಯ ಮೇಲೆ ಬೆವರು ಕಾಣಿಸಿತು.

ರೇವಣಸಿದ್ದಪ್ಪ ಗೋಡೆ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಪುಟ್ಟಾ, ಹೆದರಬೇಡ. ಯಾರೂ ಬೈಯಲ್ಲ. 'ಅಪ್ಪ ಛತ್ರದಲ್ಲಿ ಇದ್ದರು' ಅಂತ ಹೇಳು ಅಂತ ನಿಂಗೆ ಯಾರು ಹೇಳಿಕೊಟ್ಟಿದ್ದು? ಅಣ್ಣಾನಾ?"

ಬಿಂದುಶ್ರೀ ತಲೆಯಾಡಿಸಿದಳು. "ಅಲ್ಲ. ಕೆಂಪು."

ಬೈರಣ್ಣ, ದಿವ್ಯ, ಟೀಚರ್ ಎಲ್ಲರೂ ಲಾಕಪ್ಪಿನ ಕಡೆ ತಿರುಗಿದರು. ಪಾಪದ ಹುಡುಗ, ಎಂದುಕೊಂಡರು ರೇವಣಸಿದ್ದಪ್ಪ. ಜೀಪು ಹತ್ತುವಾಗ ತಂಗಿಯ ಕಿವಿಯಲ್ಲಿ ಉಸುರಿರಬೇಕು. ಅಪ್ಪನನ್ನು ಉಳಿಸಲು ಇದೂ ಒಂದು ಉಪಾಯ.

"ಇವತ್ತು ನಾವು ಕರ್ಕೊಂಡು ಬರೋವಾಗ ಹೇಳಿದ್ನಾ?"

"ಇವತ್ತಲ್ಲ ಅಂಕಲ್, ಸೋಮವಾರ. ಅಜ್ಜಿ ವಿಷ್ಯ ಪೊಲೀಸ್ನೋರು ಕೇಳಿದ್ರೆ ಅಣ್ಣ ಅನ್ಬೇಡ, ಅಪ್ಪ ಅನ್ನು, ಛತ್ರದಲ್ಲಿ ಇದ್ದರು ಅನ್ನು ಅಂತ ಮೂರು ಸಲ ಹೇಳ್ಸಿದ. ಆವತ್ತು ಮೇಡಂ ಕೇಳ್ದಾಗ ನಂಗೆ ಮರ್ತೋಗಿತ್ತು."

"ಅಜ್ಜಿ ಬಿದ್ದ ಮೇಲೆ ಹೇಳಿದ, ಅಲ್ಲ?"

"ಇಲ್ಲ ಅಂಕಲ್, ಬೆಳಗ್ಗೆ," ಎಂದಿತು ಮಗು. "ಸ್ಕೂಲ್ ವ್ಯಾನ್‌ಗೆ ಬಿಡೋಕೆ ಬಂದಾಗ. ಆಗ ಅಜ್ಜಿ ಚೆನ್ನಾಗಿತ್ತು. ನಂಗೆ ಟಾಟಾ ಮಾಡ್ತು."

ಶಿವರಾಮ್ ಮಗಳ ಬೆರಳು ಬಿಟ್ಟ. "ಲೋ ಕೆಂಪಾ," ಎಂದ, ಕಂಬಿಯ ಕಡೆ ಒಂದು ಹೆಜ್ಜೆ ಇಟ್ಟು. "ಬೆಳಗ್ಗೇನಾ? ನಾನು ಮನೆಗೆ ಬರ್ತೀನಿ ಅಂತ ನಂಗೇ ಗೊತ್ತಿರ್ಲಿಲ್ವಲ್ಲೋ. ನಿಂಗೆ ಹೆಂಗೋ ಗೊತ್ತಾಯ್ತು?"

ಅಜ್ಜಿ ಬೀಳುವುದೂ ಪೊಲೀಸರು ಬಂದು ಕೇಳುವುದೂ ಆ ಹುಡುಗನಿಗೆ ಬೆಳಗ್ಗೆಯೇ ಗೊತ್ತಿತ್ತು. ರೇವಣಸಿದ್ದಪ್ಪ ಕೂತಲ್ಲಿಂದಲೇ ತಿರುಗಿ ನೋಡಿದರು. ಕೆಂಪರಾಜು ಎದ್ದು ನಿಂತು ಶರ್ಟಿನ ಧೂಳು ಒದರುತ್ತಿದ್ದ. ಅವನೀಗ ಅಳುತ್ತಿರಲಿಲ್ಲ.